ಬರೆಯುವುದೂ ಚಿಕಿತ್ಸೆಯ ಭಾಗ

ಡಾಕ್ಟರ ಕೈಬರಹದ ಬಗೆಗಿನ ನಗೆಹನಿಗಳಿಗೆ ಕೊನೆಯಿಲ್ಲ. ಅದನ್ನು ಓದಬಲ್ಲವನು ಔಷಧದ ಅಂಗಡಿಯವನೊಬ್ಬನೇ ಎಂಬ ಮಾತು ಅಜ್ಜಂದಿರ ಕಾಲದ್ದು. ಈಗ ಕಂಪ್ಯೂಟರ್ ಮುದ್ರಿಸಿದ ಚೀಟಿಯನ್ನೇ ಕೊಡುವ ಆಸ್ಪತ್ರೆಗಳು ಬಂದಿವೆ, ನಗೆಹನಿ ಹಳತಾಗುತ್ತಿದೆ. ಆದರೆ ವೈದ್ಯರ ಇನ್ನೊಂದು ಬಗೆಯ ಬರವಣಿಗೆ ಇದೆ. ಅದರ ಬಗ್ಗೆ ಯಾರೂ ನಗುವುದಿಲ್ಲ, ಏಕೆಂದರೆ ಹೊರಗಿನವರಿಗೆ ಅದು ಕಾಣುವುದೇ ಇಲ್ಲ. ತಾವು ಕಂಡ ರೋಗ, ಕೊಟ್ಟ ಮದ್ದು, ಬಂದ ಫಲ ಇವನ್ನು ಬೇರೆ ವೈದ್ಯರು ಓದಿ, ಪರೀಕ್ಷಿಸಿ, ನಂಬಬಹುದಾದ ಹಾಗೆ ಬರೆದಿಡುವ ವೈಜ್ಞಾನಿಕ ಬರವಣಿಗೆ ಅದು. ಇದನ್ನು ಕಿರಿಯ ವೈದ್ಯರಿಗೆ ಕಲಿಸುವವರು ಯಾರು? ಬಹಳಷ್ಟು ಕಡೆ ಯಾರೂ ಇಲ್ಲ. ಬರೆಯಲೇಬೇಕೆಂಬ ಕಟ್ಟಳೆ ಮಾತ್ರ ತಪ್ಪಿದ್ದಲ್ಲ.

ಎಂ.ಡಿ. ಅಥವಾ ಎಂ.ಎಸ್. ಓದುವ ಪ್ರತಿಯೊಬ್ಬರೂ ಮೂರು ವರ್ಷದೊಳಗೆ ಒಂದು ಪ್ರಬಂಧವನ್ನು, ಕಾಲೇಜಿನ ಮಾತಿನಲ್ಲಿ ಹೇಳುವುದಾದರೆ ಒಂದು ‘ಥೀಸಿಸ್’ ಅನ್ನು, ಬರೆದೊಪ್ಪಿಸಬೇಕು. ಭಾರತೀಯ ವೈದ್ಯಕೀಯ ಪರಿಷತ್ತು 2000ದಲ್ಲಿ ರೂಪಿಸಿದ ನಿಯಮದಂತೆ ಅದು ಅಂತಿಮ ಪರೀಕ್ಷೆಗೆ ಆರು ತಿಂಗಳು ಮೊದಲೇ ವಿಶ್ವವಿದ್ಯಾಲಯದ ಕೈಸೇರಬೇಕಿತ್ತು. 2020ರಲ್ಲಿ ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದ ಮೇಲೂ ಪ್ರಬಂಧದ ಕಟ್ಟಳೆ ಉಳಿದಿದೆ. ಕರ್ನಾಟಕದಲ್ಲಿ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ವಿಷಯದ ಸಾರಾಂಶವನ್ನು ಕಳಿಸಿ, ನೀತಿ ಸಮಿತಿಯ ಒಪ್ಪಿಗೆ ಪಡೆದು ಕೆಲಸ ಶುರು ಮಾಡುತ್ತಾರೆ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಗೆ ‘ಥೀಸಿಸ್ ಬರೆದು ನೋಡು’ ಎಂದು ಮೂರನೆಯದನ್ನು ಸೇರಿಸಬಹುದು. ವಿಷಯವನ್ನು ಗೈಡ್ ಹೇಳಿರುತ್ತಾರೆ. ಎರಡು ವರ್ಷ ವಾರ್ಡು, ಒ.ಪಿ.ಡಿ., ರಾತ್ರಿ ಡ್ಯೂಟಿಗಳ ನಡುವೆ ಹಾಳೆಗಳಲ್ಲಿ ರೋಗಿಗಳ ವಿವರ ತುಂಬುತ್ತದೆ. ಬರೆಯುವ ಕೆಲಸ ಮಾತ್ರ ಕೊನೆಯ ತಿಂಗಳಿಗೆ ಉಳಿಯುತ್ತದೆ. ಆಗ ಹಿರಿಯ ವಿದ್ಯಾರ್ಥಿಯೊಬ್ಬರ ಹಳೆಯ ಥೀಸಿಸ್ ಕೈಗೆ ಬರುತ್ತದೆ. ಪೀಠಿಕೆ ಅದರದ್ದು, ಹಿಂದಿನ ಸಂಶೋಧನೆಗಳ ಸಮೀಕ್ಷೆ ಅದರದ್ದು, ಕೊನೆಗೆ ಕೃತಜ್ಞತೆಯ ಪುಟವೂ ಅದರದ್ದೇ. ಬೈಂಡಿಂಗ್ ಆಗಿ ಬಂದ ಮೇಲೆ ಒಂದು ಪ್ರತಿ ಗ್ರಂಥಾಲಯದ ಬೀರುವಿಗೆ ಹೋಗುತ್ತದೆ. ಮುಂದಿನ ವರ್ಷ ಮತ್ತೊಬ್ಬರು ನಕಲು ಮಾಡಿಕೊಳ್ಳಲು ತೆಗೆಯುವವರೆಗೆ ಅದಕ್ಕೆ ಗಾಳಿ ಬೆಳಕು ಇಲ್ಲ.

ಈ ವಿದ್ಯಾರ್ಥಿಯನ್ನು ಸೋಮಾರಿ ಎನ್ನುವುದು ಅನ್ಯಾಯ. 36 ಗಂಟೆ ಕಣ್ಣು ಮುಚ್ಚದೆ ದುಡಿಯುವವರು ಸೋಮಾರಿಗಳಲ್ಲ. ಈಜು ಕಲಿಸದೆ ಬಾವಿಗೆ ಇಳಿಸಿದರೆ ಯಾರಾದರೂ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ.

ಫಲಿತಾಂಶವನ್ನು ಅಂಕಿಗಳಲ್ಲೂ ಕಾಣಬಹುದು. 2005ರಿಂದ 2014ರವರೆಗಿನ ಹತ್ತು ವರ್ಷದಲ್ಲಿ ದೇಶದ 579 ವೈದ್ಯಕೀಯ ಸಂಸ್ಥೆಗಳು ಎಷ್ಟು ಸಂಶೋಧನಾ ಲೇಖನ ಪ್ರಕಟಿಸಿವೆ ಎಂಬುದನ್ನು ದೆಹಲಿಯ ಶಸ್ತ್ರವೈದ್ಯ ಸಮೀರನ್ ನಂದಿ ಮತ್ತು ಸಂಗಡಿಗರು ಲೆಕ್ಕ ಹಾಕಿ 2016ರಲ್ಲಿ ಪ್ರಕಟಿಸಿದರು. 332 ಸಂಸ್ಥೆಗಳ ಹೆಸರಿನಲ್ಲಿ ಒಂದು ಲೇಖನವೂ ಸಿಗಲಿಲ್ಲ. ವರ್ಷಕ್ಕೆ ನೂರಕ್ಕಿಂತ ಹೆಚ್ಚು ಲೇಖನ ಹೊರತಂದ ಸಂಸ್ಥೆಗಳು ಬರೀ 25. ದೇಶದ ಒಟ್ಟು ಲೇಖನಗಳಲ್ಲಿ ಶೇ 40ರಷ್ಟು ಅವುಗಳದ್ದೇ. ರೋಗಿಗಳು ಮಾತ್ರ ಎಲ್ಲ 579 ಕಡೆಯೂ ಇದ್ದರು.

ಬರೆದದ್ದು, ಬರೆಯದೆ ಉಳಿದದ್ದು

ರೋಗಿಯನ್ನು ಗುಣಪಡಿಸಿದರೆ ಸಾಲದೇ, ಬರೆಯುವ ಗೊಡವೆ ಏಕೆ ಎಂದು ಕೇಳುವವರುಂಟು. ಇದಕ್ಕೆ ನಮ್ಮ ದೇಶದ ಒಂದೇ ನಗರದ, ಒಂದೇ ದಶಕದ ಎರಡು ಕತೆಗಳು ಉತ್ತರ ಹೇಳುತ್ತವೆ.

1971. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಲಕ್ಷಗಟ್ಟಲೆ ಗಡಿ ದಾಟಿ ಬರುತ್ತಿದ್ದರು. ಬನ್‌ಗಾಂವ್‌ನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆ ಮಲಗಿದ್ದರು. ರಕ್ತನಾಳಕ್ಕೆ ಕೊಡುವ ಸಲೈನ್ ಬಾಟಲಿಗಳು ಮುಗಿಯುತ್ತ ಬಂದಿದ್ದವು. ಕಲ್ಕತ್ತಾದಿಂದ ಬಂದಿದ್ದ 36 ವರ್ಷದ ವೈದ್ಯ ದಿಲೀಪ್ ಮಹಾಲನೊಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಸೋಡಾ ಬೆರೆಸಿದ ಪುಡಿಯನ್ನು ಪೊಟ್ಟಣ ಕಟ್ಟಿಸಿದರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಸೋಡಾ. ಬಾಯಿಂದ ಕುಡಿಸುವ ಈ ಚಿಕಿತ್ಸೆಯನ್ನು ಅದಕ್ಕೂ ಮುಂಚೆ ಢಾಕಾ, ಕಲ್ಕತ್ತಾಗಳ ಸಂಶೋಧಕರು ಆಸ್ಪತ್ರೆಯ ಕಣ್ಗಾವಲಿನಲ್ಲಿ ಪರೀಕ್ಷಿಸಿದ್ದರು. ಇಲ್ಲಿ ಕುಡಿಸಿದವರು ರೋಗಿಯ ತಾಯಿ, ಅಣ್ಣ, ನೆರೆಯವರು. ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು.

ಮಹಾಲನೊಬಿಸ್ ಅಲ್ಲಿಗೆ ನಿಲ್ಲಿಸಲಿಲ್ಲ. ಎಷ್ಟು ರೋಗಿಗಳು, ಎಷ್ಟು ನೀರು, ಎಷ್ಟು ಸಾವು ಎಂಬ ಲೆಕ್ಕವನ್ನು ಸಹೋದ್ಯೋಗಿಗಳೊಂದಿಗೆ ಬರೆದು 1973ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬನ್‌ಗಾಂವ್‌ನಲ್ಲಿ ನಡೆದದ್ದನ್ನು ಬೇರೆ ದೇಶದ ವೈದ್ಯರು ಓದಿ, ತೂಗಿ ನೋಡಲು ಸಾಧ್ಯವಾಯಿತು. 1978ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಈ ಚಿಕಿತ್ಸೆಯ ಹಿಂದಿನ ಶೋಧವನ್ನು ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಲ್ಲದು ಎಂದು ಬಣ್ಣಿಸಿತು. ಇಂದು ಅಂಗನವಾಡಿಯಲ್ಲೂ ಸಿಗುವ ಒ.ಆರ್.ಎಸ್. ಪೊಟ್ಟಣದ ಹಿಂದೆ ಉಪ್ಪು, ಸಕ್ಕರೆಗಳಷ್ಟೇ ಅಲ್ಲ, ಕಾಗದ, ಶಾಯಿಗಳೂ ಇವೆ.

ಎರಡನೆಯ ಕತೆ ಅದೇ ಕಲ್ಕತ್ತಾದ್ದು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಹುಟ್ಟಿತು. 70 ದಿನ ಕಳೆದು, ಅಕ್ಟೋಬರ್ 3ರಂದು, ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದ ಫಲವಾಗಿ ಕಲ್ಕತ್ತಾದಲ್ಲಿ ಹೆಣ್ಣು ಮಗುವೊಂದು ಹುಟ್ಟಿತು. ಆದರೆ ಜಗತ್ತಿಗೆ ತೋರಿಸಲು ವಿವರವಾದ ವೈಜ್ಞಾನಿಕ ಲೇಖನ ಇರಲಿಲ್ಲ. ಇದ್ದದ್ದು ಶೈತ್ಯ ವಿಜ್ಞಾನದ ಪತ್ರಿಕೆಯೊಂದರಲ್ಲಿ ಬಂದ ಚಿಕ್ಕ ಟಿಪ್ಪಣಿ; ಹೆರಿಗೆ ತಜ್ಞರು ಕಣ್ಣು ಹಾಯಿಸುವ ಪತ್ರಿಕೆ ಅದಲ್ಲ. ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಜಪಾನಿನ ಸಮ್ಮೇಳನಕ್ಕೆ ಹೋಗಿ ಹೇಳಿಕೊಳ್ಳಲೂ ಅನುಮತಿ ಸಿಗಲಿಲ್ಲ. 1981ರ ಜೂನ್ 19ರಂದು ಅವರು ತಮ್ಮ ಜೀವನವನ್ನು ತಾವೇ ಕೊನೆಗೊಳಿಸಿಕೊಂಡರು.

ತಪ್ಪು ಅವರದ್ದೆನ್ನುವುದು ಸಲ್ಲದು. ಕೇಳುವ ಕಿವಿಗಳೇ ಮುಚ್ಚಿದ್ದವು. ಆದರೂ ಕೊನೆಗೆ ಅವರಿಗೆ ನ್ಯಾಯ ಕೊಡಿಸಿದ್ದು ಅವರದೇ ಕೈಬರಹದ ಟಿಪ್ಪಣಿಗಳು. 1986ರಲ್ಲಿ ಮುಂಬಯಿಯಲ್ಲಿ ಹುಟ್ಟಿದ, ಭಾರತದ ಮೊದಲನೆಯದೆಂದು ಆಗ ದಾಖಲಾಗಿದ್ದ ಪ್ರನಾಳ ಶಿಶುವಿನ ಹಿಂದಿದ್ದ ವಿಜ್ಞಾನಿ ಟಿ.ಸಿ. ಆನಂದ ಕುಮಾರ್ ಆ ಟಿಪ್ಪಣಿಗಳನ್ನು ಓದಿದರು. ತಮಗಿಂತ ಎಂಟು ವರ್ಷ ಮೊದಲೇ ಮುಖರ್ಜಿಯವರು ಇದನ್ನು ಸಾಧಿಸಿದ್ದರೆಂದು 1997ರಲ್ಲಿ, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ತಮ್ಮ ಹೆಸರಿನ ‘ಮೊದಲ’ ಪಟ್ಟವನ್ನು ತಾವೇ ಇಳಿಸಿಟ್ಟ ಬರಹವದು. ಆದರೆ ಅಷ್ಟರಲ್ಲಿ ಮುಖರ್ಜಿ ತೀರಿಕೊಂಡು 16 ವರ್ಷವಾಗಿತ್ತು.

ಐದು ವಾಕ್ಯದ ಪತ್ರ

ಬರೆಯದಿದ್ದರೆ ಹೀಗೆ. ಇನ್ನೊಬ್ಬರು ಬರೆದದ್ದನ್ನು ಸರಿಯಾಗಿ ಓದದೆ ಬರೆದರೆ? ಅದಕ್ಕೆ ಅಮೆರಿಕದ ಪ್ರಸಂಗವೊಂದಿದೆ. ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ 1980ರಲ್ಲಿ ಓದುಗರ ಪತ್ರಗಳ ನಡುವೆ ಐದೇ ವಾಕ್ಯದ ಒಂದು ಪತ್ರವನ್ನು ಅಚ್ಚು ಹಾಕಿತು. ಆಸ್ಪತ್ರೆಯಲ್ಲಿದ್ದಾಗ ಅಫೀಮು ಜಾತಿಯ ನೋವುನಿವಾರಕ ಪಡೆದ 11,882 ರೋಗಿಗಳಲ್ಲಿ ಚಟ ಹತ್ತಿದವರು ನಾಲ್ವರು ಮಾತ್ರ ಎಂಬುದು ಅದರ ಸಾರ. ಪತ್ರದಲ್ಲಿ ಸುಳ್ಳಿರಲಿಲ್ಲ. ಆದರೆ ಅದು ಆಸ್ಪತ್ರೆಯೊಳಗೆ ದಾದಿಯರ ಕಣ್ಣೆದುರು ಮದ್ದು ಪಡೆದವರ ಮಾತು. ತಿಂಗಳುಗಟ್ಟಲೆ ಮನೆಯಲ್ಲಿ ಮಾತ್ರೆ ನುಂಗುವವರದ್ದಲ್ಲ.

ಮುಂದೆ ಈ ಪತ್ರವನ್ನು ಒಬ್ಬರು ಉಲ್ಲೇಖಿಸಿದ್ದನ್ನು ನೋಡಿ ಇನ್ನೊಬ್ಬರು ಉಲ್ಲೇಖಿಸಿದರು. ಕೆನಡಾದ ಸಂಶೋಧಕರು 2017ರಲ್ಲಿ ಲೆಕ್ಕ ಹಾಕಿದಾಗ 608 ಲೇಖನಗಳು ಅದರ ಹೆಸರು ಹೇಳಿದ್ದವು. ಶೇ 72ರಷ್ಟು ಲೇಖನಗಳು ಅದನ್ನು ಚಟ ಅಪರೂಪವೆನ್ನುವುದಕ್ಕೆ ಸಾಕ್ಷಿಯಾಗಿ ಬಳಸಿದ್ದವು. ರೋಗಿಗಳು ಆಸ್ಪತ್ರೆಯಲ್ಲಿದ್ದವರು ಎಂಬ ಮಾತನ್ನು ಶೇ 80ಕ್ಕೂ ಹೆಚ್ಚು ಲೇಖನಗಳು ಬಿಟ್ಟೇಬಿಟ್ಟಿದ್ದವು. ಆ ನಡುವೆ ಅಮೆರಿಕದಲ್ಲಿ ಈ ಮದ್ದುಗಳ ಮಾರಾಟ ಏರಿತು, ಚಟ ಹಬ್ಬಿತು, ಲಕ್ಷಗಟ್ಟಲೆ ಜನ ಸತ್ತರು. ಕಾರಣಗಳು ಹಲವು, ಕಂಪನಿಗಳ ದುರಾಸೆ ಅದರಲ್ಲಿ ದೊಡ್ಡದು. ಆದರೆ ಮೂಲವನ್ನು ತೆರೆದು ಐದು ವಾಕ್ಯ ಓದುವಷ್ಟು ವ್ಯವಧಾನವಿಲ್ಲದ ಬರಹಗಾರರ ಪಾಲೂ ಅದರಲ್ಲಿದೆ. ಹಳೆಯ ಥೀಸಿಸ್‌ನಿಂದ ಉಲ್ಲೇಖಗಳ ಪಟ್ಟಿಯನ್ನು ಹಾಗೆಯೇ ಎತ್ತಿಕೊಳ್ಳುವ ಅಭ್ಯಾಸ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಕಲಿಸುವುದು ಹೇಗೆ?

ವೈಜ್ಞಾನಿಕ ಬರವಣಿಗೆ ಹುಟ್ಟಿನಿಂದ ಬರುವ ಪ್ರತಿಭೆಯಲ್ಲ. ಹೊಲಿಗೆ ಹಾಕುವುದನ್ನು, ಸೂಜಿ ಚುಚ್ಚುವುದನ್ನು ಕಲಿತಂತೆ ಕಲಿಯಬಹುದಾದ ಕಸುಬು. ಅದರ ಬೀಜ ಕಿರಿಯ ವೈದ್ಯರ ಕೈಯಲ್ಲಿ ಈಗಾಗಲೇ ಇದೆ. ಬೆಳಗಿನ ರೌಂಡ್ಸ್‌ನಲ್ಲಿ ಅವರು ಹಿರಿಯರೆದುರು ರೋಗಿಯ ವಿವರ ಒಪ್ಪಿಸುತ್ತಾರಲ್ಲ, ಅದರ ಕ್ರಮವನ್ನು ಗಮನಿಸಬೇಕು. ರೋಗಿ ಏಕೆ ಬಂದರು, ಏನೇನು ಪರೀಕ್ಷೆ ಮಾಡಲಾಯಿತು, ಏನು ಕಂಡಿತು, ಅದರಿಂದ ಯಾವ ರೋಗವೆಂದು ತೋರುತ್ತದೆ. ಸಂಶೋಧನಾ ಲೇಖನದ ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ನಾಲ್ಕು ಭಾಗಗಳೂ ಇವೇ. ಕೇಸ್ ಶೀಟನ್ನು ಅಚ್ಚುಕಟ್ಟಾಗಿ ಬರೆಯುವ ವೈದ್ಯರಿಗೆ ಲೇಖನದ ಮುಕ್ಕಾಲು ದಾರಿ ಗೊತ್ತು; ಗೊತ್ತಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ ಅಷ್ಟೆ.

ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಅಂಕಿಗಳಿಂದ ತೋರಿಸಿದವರಲ್ಲೊಬ್ಬರು ಬ್ರಿಟನ್ನಿನ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. 1965ರಲ್ಲಿ ಅವರು ಈ ನಾಲ್ಕು ಭಾಗಗಳನ್ನು ನಾಲ್ಕು ಪ್ರಶ್ನೆಗಳಾಗಿ ಬಿಡಿಸಿಟ್ಟರು. ಏಕೆ ಶುರು ಮಾಡಿದಿರಿ, ಏನು ಮಾಡಿದಿರಿ, ಏನು ಸಿಕ್ಕಿತು, ಅದರ ಅರ್ಥವೇನು ಎಂಬುದು ಅವುಗಳ ತಾತ್ಪರ್ಯ. ಇವಕ್ಕೆ ಉತ್ತರ ಹೇಳದ ವಾಕ್ಯ ಎಷ್ಟೇ ಸೊಗಸಾಗಿದ್ದರೂ ಲೇಖನದಲ್ಲಿ ಅದಕ್ಕೆ ಜಾಗವಿಲ್ಲ.

ಉಳಿದದ್ದನ್ನು ಕಲಿಸುವುದು ಗೈಡ್ ಕೈಯ ಕೆಂಪು ಶಾಯಿ. ಉದಾಹರಣೆಗೆ, ವಿದ್ಯಾರ್ಥಿನಿಯೊಬ್ಬಳು ‘ಬಹಳಷ್ಟು ರೋಗಿಗಳಲ್ಲಿ ಗಣನೀಯ ಸುಧಾರಣೆ ಕಂಡುಬಂದಿತು’ ಎಂದು ಬರೆದು ತಂದಳೆನ್ನಿ. ಒಳ್ಳೆಯ ಗೈಡ್ ಅದನ್ನು ತಿದ್ದುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ‘ಬಹಳಷ್ಟು ಅಂದರೆ ಎಷ್ಟಮ್ಮ?’ ‘40ರಲ್ಲಿ 31 ಸರ್.’ ‘ಸುಧಾರಣೆ ಅಂದರೆ?’ ‘ಜ್ವರ ಬಿಟ್ಟಿತು.’ ‘ಎಷ್ಟನೆಯ ದಿನ ನೋಡಿದ್ದು?’ ‘ಏಳನೆಯ ದಿನ.’ ‘ಉಳಿದ ಒಂಬತ್ತು ಜನ ಎಲ್ಲಿ?’ ಇಲ್ಲಿ ವಿದ್ಯಾರ್ಥಿನಿ ತಡವರಿಸುತ್ತಾಳೆ. ಐವರಿಗೆ ಜ್ವರ ಬಿಟ್ಟಿರಲಿಲ್ಲ. ನಾಲ್ವರು ಮತ್ತೆ ಆಸ್ಪತ್ರೆಗೆ ಬರಲೇ ಇಲ್ಲ. ಆ ನಾಲ್ವರು ಗುಣವಾಗಿ ಬರಲಿಲ್ಲವೋ, ಬಸ್ಸಿನ ಕಾಸಿಲ್ಲದೆ ಬರಲಿಲ್ಲವೋ, ತೀರಿಕೊಂಡರೋ? ‘ಬಹಳಷ್ಟು’ ಎಂಬ ಒಂದು ಪದದ ಹಿಂದೆ ನಾಲ್ಕು ಜೀವಗಳು ಅವಿತಿದ್ದವು. ಹೊಸ ವಾಕ್ಯ ಹೀಗಾಗುತ್ತದೆ: ‘40 ರೋಗಿಗಳ ಪೈಕಿ 31 ಮಂದಿಗೆ ಏಳನೆಯ ದಿನದೊಳಗೆ ಜ್ವರ ಬಿಟ್ಟಿತು, 5 ಮಂದಿಗೆ ಬಿಡಲಿಲ್ಲ, 4 ಮಂದಿ ಮರಳಿ ಬರಲಿಲ್ಲ.’ ಅಲಂಕಾರ ಹೋಯಿತು, ಸತ್ಯ ಉಳಿಯಿತು. ಅಷ್ಟೇ ಅಲ್ಲ, ಸಂಜೆ ಆ ನಾಲ್ವರಿಗೆ ಫೋನ್ ಮಾಡಿ ವಿಚಾರಿಸಬೇಕೆಂಬುದೂ ಹೊಳೆಯಿತು. ಬರವಣಿಗೆ ಚಿಕಿತ್ಸೆಯೊಳಕ್ಕೆ ಮರಳುವುದು ಹೀಗೆ.

ಇಂಥ ಪಾಠಗಳು ಇನ್ನೂ ಕೆಲವಿವೆ. ನಾಲ್ವರಲ್ಲಿ ಮೂವರಿಗೆ ಗುಣವಾದರೆ ‘ಶೇ 75’ ಎಂದು ಬರೆಯಬಾರದು. ಮೂವರು ಎಂದೇ ಬರೆಯಬೇಕು. ಎರಡು ಸಂಗತಿ ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಬಾರದು. ಏನು ಮಾಡಿದೆವೆಂಬ ಭಾಗವನ್ನು ಕೆಲಸ ನಡೆಯುತ್ತಿರುವಾಗಲೇ ಬರೆದಿಟ್ಟು, ಪೀಠಿಕೆಯನ್ನು ಕೊನೆಗೆ ಬರೆದರೆ ಹಗುರ. ಸಂಖ್ಯಾಶಾಸ್ತ್ರಜ್ಞರ ಬಳಿ ಮೊದಲ ವಾರ ಹೋಗಬೇಕು, ಕೊನೆಯ ವಾರವಲ್ಲ. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆಯುವುದು ಶವಪರೀಕ್ಷೆಗೆ ಕರೆದಂತೆ ಎಂಬರ್ಥದ ಮಾತನ್ನು ಆರ್.ಎ. ಫಿಶರ್ 1938ರಲ್ಲಿ ಆಡಿದ್ದರು. ಆಡಿದ್ದು ಕಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲೇ. ಶವಪರೀಕ್ಷೆಗಳಿಗೆ ಇಂದಿಗೂ ಬಿಡುವಿಲ್ಲ.

ಕನ್ನಡದಲ್ಲಿ ಮೊದಲ ಪರೀಕ್ಷೆ

ಇಂಗ್ಲಿಷಿನ ಭಯವೂ ಸಣ್ಣದಲ್ಲ. ಊರಿನ ಸರ್ಕಾರಿ ಶಾಲೆಯಲ್ಲಿ ಓದಿ ಬಂದ ಎಷ್ಟೋ ಯುವ ವೈದ್ಯರು ತಮಗೆ ಬರೆಯಲು ಬಾರದು ಎಂದು ಮೊದಲೇ ತೀರ್ಮಾನಿಸಿರುತ್ತಾರೆ. ಅಳುಕನ್ನು ಮುಚ್ಚಲು ಉದ್ದುದ್ದ ಪದಗಳನ್ನು ಜೋಡಿಸುತ್ತಾರೆ. ಅವರಿಗೆ ಒಂದು ಒಳ್ಳೆಯ ಕಸರತ್ತು ಕೈಯಲ್ಲೇ ಇದೆ. ಅಧ್ಯಯನಕ್ಕೆ ಸೇರುವ ಪ್ರತಿ ರೋಗಿಗೂ ಅವರಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ಕೊಟ್ಟು ಒಪ್ಪಿಗೆ ಪಡೆಯಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೀತಿಸೂತ್ರ. ಆದ್ದರಿಂದ ಕರ್ನಾಟಕದ ಥೀಸಿಸ್‌ಗಳ ಕೊನೆಯಲ್ಲಿ ಕನ್ನಡದ ಒಪ್ಪಿಗೆ ಪತ್ರ ಇರುತ್ತದೆ. ಸಾಮಾನ್ಯವಾಗಿ ಅದನ್ನು ಡಿ.ಟಿ.ಪಿ. ಅಂಗಡಿಯವರಿಂದ ಅನುವಾದ ಮಾಡಿಸಿ ಅಂಟಿಸುವುದೇ ರೂಢಿ. ಅದರ ಕನ್ನಡ ರೋಗಿಗೂ ಅರ್ಥವಾಗದು, ವೈದ್ಯರಿಗೂ ಅರ್ಥವಾಗದು.

ಅದನ್ನು ವಿದ್ಯಾರ್ಥಿಯೇ ಬರೆಯಲಿ. ‘ಅಮ್ಮಾ, ನಿಮ್ಮ ತೋಳಿನಿಂದ ಒಂದು ಚಮಚದಷ್ಟು ರಕ್ತ ತೆಗೆಯುತ್ತೇವೆ. ಸಕ್ಕರೆ ಕಾಯಿಲೆ ಇರುವವರಿಗೆ ಗಾಯ ತಡವಾಗಿ ಮಾಯುವುದಕ್ಕೆ ಇದರಲ್ಲಿ ಸುಳಿವು ಇದೆಯೇ ಎಂದು ನೋಡುತ್ತೇವೆ. ಇದರಿಂದ ನಿಮಗೆ ಈಗಲೇ ಲಾಭವಾಗದಿರಬಹುದು. ಬೇಡವೆಂದರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ.’ ಇಷ್ಟನ್ನು ಹೀಗೆ ಬರೆಯಲು ಬಂದರೆ ತನ್ನ ಪ್ರಶ್ನೆ ತನಗೆ ಸ್ಪಷ್ಟವಾಗಿದೆ ಎಂದರ್ಥ. ಮುಂದೆ ಇಂಗ್ಲಿಷ್ ಬರಿಯ ವ್ಯಾಕರಣದ ಸಮಸ್ಯೆ. ಇಷ್ಟು ಬರೆಯಲು ಬಾರದಿದ್ದರೆ ಎಂಥ ಇಂಗ್ಲಿಷೂ ಆ ಅಧ್ಯಯನವನ್ನು ಉಳಿಸಲಾರದು.

ಅಡ್ಡದಾರಿಗಳು

ಕಲಿಸದೆ ಕಡ್ಡಾಯ ಮಾಡಿದರೆ ಅಡ್ಡದಾರಿಗಳು ತೆರೆದುಕೊಳ್ಳುತ್ತವೆ. ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡಿವೆ. ಕಲ್ಲುಹೂವಿನಿಂದ ಕ್ಯಾನ್ಸರ್ ಮದ್ದು ಸಿಕ್ಕಿತೆಂಬ ಕಟ್ಟುಕತೆಯ ಲೇಖನವನ್ನು ಪತ್ರಕರ್ತ ಜಾನ್ ಬೊಹಾನನ್ 304 ಪತ್ರಿಕೆಗಳಿಗೆ ಕಳಿಸಿದ್ದರು. ಲೇಖಕರ ಹೆಸರು, ಸಂಸ್ಥೆ, ಎಲ್ಲವೂ ಹುಸಿ. 157 ಪತ್ರಿಕೆಗಳು ಅದನ್ನು ಒಪ್ಪಿಕೊಂಡವು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ವರದಿಯಂತೆ, ಇಂಥ ಪತ್ರಿಕೆಗಳ ದೊಡ್ಡ ನೆಲೆ ಭಾರತವೇ ಆಗಿತ್ತು.

ಕೆಲಸವನ್ನೇ ನೋಡದ ಹಿರಿಯರ ಹೆಸರನ್ನು ಲೇಖನದ ಮೇಲೆ ಸೇರಿಸುವ ‘ಮರ್ಯಾದೆ’ ಇನ್ನೊಂದು ರೋಗ. ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳೂ ಬಂದಿವೆ. ವ್ಯಾಕರಣ ತಿದ್ದಲು ಅವು ಉಪಯೋಗಿಯೇ. ಆದರೆ ಮರಳಿ ಬಾರದ ನಾಲ್ವರು ಎಲ್ಲಿ ಹೋದರೆಂದು ಯಂತ್ರಕ್ಕೆ ಗೊತ್ತಿಲ್ಲ. ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ 2023ರಲ್ಲಿ ಯಂತ್ರವನ್ನು ಲೇಖಕನೆಂದು ಹೆಸರಿಸಕೂಡದು, ಬಳಸಿದ್ದರೆ ಹೇಳಿಬಿಡಬೇಕು ಎಂದು ಸೂಚಿಸಿತು. ಬರೆದದ್ದಕ್ಕೆ ಹೊಣೆ ಹೊರಬಲ್ಲವರು ಮಾತ್ರ ಲೇಖಕರು ಎಂಬುದು ಅದರ ತಿರುಳು.

ಒಳ್ಳೆಯ ಹೆಜ್ಜೆಗಳೂ ಬಿದ್ದಿವೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಸಂಶೋಧನಾ ವಿಧಾನದ ಬಗ್ಗೆ ರೂಪಿಸಿದ ಅಂತರ್ಜಾಲ ತರಗತಿಗಳು 2019ರಿಂದೀಚೆಗೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಕಡ್ಡಾಯವಾದವು. ವಿಧಾನ ತಿಳಿಯಲು ಅದು ಸಾಕು. ಆದರೆ ಈಜಿನ ಬಗ್ಗೆ ಚಿತ್ರ ನೋಡಿದರೆ ಈಜು ಬಾರದು. ವಾರಕ್ಕೊಂದು ಗಂಟೆ ಗೈಡ್ ಪಕ್ಕದಲ್ಲಿ ಕೂತು ಒಂದು ಪುಟ ತಿದ್ದಿಸಿಕೊಳ್ಳುವುದು, ತಿಂಗಳಿಗೊಮ್ಮೆ ಸಹಪಾಠಿಗಳು ಒಬ್ಬರ ಬರಹವನ್ನು ಇನ್ನೊಬ್ಬರು ಓದುವುದು, ಮೊದಲ ವರ್ಷದಲ್ಲಿ ಒಬ್ಬನೇ ರೋಗಿಯ ಬಗ್ಗೆ ಎರಡು ಪುಟದ ವರದಿ ಬರೆಯುವುದು, ಇವಕ್ಕೆ ಕಟ್ಟಡ ಬೇಡ, ಅನುದಾನ ಬೇಡ. ಗೈಡ್‌ಗೆ ಆ ಒಂದು ಗಂಟೆಯ ಬಿಡುವು ಬೇಕು. ಅದನ್ನು ಪಾಠದ ಗಂಟೆಯೆಂದೇ ಕಾಲೇಜು ಲೆಕ್ಕಕ್ಕೆ ಹಿಡಿಯಬೇಕು.

ಕೊನೆಗೂ ಇದು ಬಡ್ತಿಯ ಪ್ರಶ್ನೆಯಲ್ಲ, ಪರೀಕ್ಷೆಯ ಪ್ರಶ್ನೆಯೂ ಅಲ್ಲ. ಪ್ರತಿ ಥೀಸಿಸ್‌ನ ಹಿಂದೆ ಐವತ್ತೋ ನೂರೋ ರೋಗಿಗಳಿದ್ದಾರೆ. ‘ಮುಂದೆ ನಾಲ್ಕು ಜನಕ್ಕೆ ಉಪಯೋಗವಾಗುತ್ತದೆ’ ಎಂದು ವೈದ್ಯರು ಹೇಳಿದ ಮಾತನ್ನು ನಂಬಿ ತೋಳು ಚಾಚಿದವರು ಅವರು. ಕೆಲವರು ಸಹಿ ಹಾಕಿದ್ದಾರೆ, ಕೆಲವರು ಹೆಬ್ಬೆಟ್ಟು ಒತ್ತಿದ್ದಾರೆ. ಬರೆಯಲು ಬಾರದ್ದಕ್ಕೆ ಆ ವಿವರಗಳೆಲ್ಲ ಬೀರುವಿನಲ್ಲಿ ಕೊಳೆತರೆ ಅವರಿಗೆ ಕೊಟ್ಟ ಮಾತು ತಪ್ಪಿದಂತೆ. ಕಿರಿಯ ವೈದ್ಯರಿಗೆ ನೆಟ್ಟಗೆ ಬರೆಯಲು ಕಲಿಸುವುದೆಂದರೆ ಆ ಮಾತನ್ನು ಉಳಿಸಿಕೊಳ್ಳಲು ಕಲಿಸುವುದು.